ಸುಳಿ ನೋಡಿ ಕೋವಿ

ನಮ್ಮಪ್ಪನ ಕೋವಿ ನೋಡಿದರೆ ಕಾಡುಹಂದಿಗೆ ಭಯಕ್ಕಿಂತ ಕನಿಕರವೇ ಜಾಸ್ತಿ ಬರುತ್ತಿತ್ತು. ಒಂಟಿ ನಳಿಗೆ. ಹಿಡಿಯ ಹತ್ತಿರ ಮರ ಸೀಳಿತ್ತು. ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ತಂತಿ ಸಡಿಲವಾದ ಮೇಲೆ ಸೈಕಲ್ ಟ್ಯೂಬು ಬಿಗಿದಿದ್ದರು. ಮಳವಳ್ಳಿ ಕಡೆ ನಮ್ಮ ಎರಡೂವರೆ ಎಕರೆ ಕಬ್ಬನ್ನು ಮೂವತ್ತು ವರ್ಷ ಕಾದಿದ್ದು ಇದೇ. ಕಾದಿದ್ದು ಅಂದರೆ ರಾತ್ರಿ ಒಂದು ಸಲ ಢಂ ಅನ್ನೋದು, ಅಷ್ಟೆ. ಹಂದಿಯನ್ನು ಸುಮ್ನೆ ಹೊಡೆದು ಉರುಳಿಸೋಕೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಸದ್ದು ಕೇಳಿ ಅದಾಗಿಯೇ ಓಡಬೇಕು. ಕೊನೆಕೊನೆಗೆ ಅದು ಓಡುವುದನ್ನೂ ಬಿಟ್ಟಿತ್ತು. ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ಕಬ್ಬಿಗೆ ಬಾಯಿ ಹಾಕುತ್ತಿತ್ತು.

ಅಪ್ಪನಿಗೆ ಎಪ್ಪತ್ತು ತುಂಬಿತು. ಲೈಸೆನ್ಸ್ ಇದ್ದವರಿಗೆ 70 ಆದರೆ, ಇಲ್ಲವೇ ಕೋವಿ ಇಟ್ಟುಕೊಂಡು 25 ವರ್ಷ ಆದರೆ, ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅವಕಾಶವಿದೆ. ಅರ್ಜಿ, ಪೊಲೀಸ್ ವರದಿ, ತರಬೇತಿ ಎಂದು ನಾನು ಓಡಾಡಿದ ಕಥೆ ಬೇಡ. ಡಾಕ್ಟರ ಸರ್ಟಿಫಿಕೇಟನ್ನೂ ಕೊಡಬೇಕಾಗಿತ್ತು. ನನ್ನ ಮನಸ್ಸು ಸ್ವಸ್ಥವಾಗಿದೆ ಅಂತ ಅವರು ಬರೆದುಕೊಟ್ಟಿದ್ದನ್ನು ನಮ್ಮನೆಯವಳು ಫೋಟೊ ತೆಗೆದು ಇಟ್ಟುಕೊಂಡಿದ್ದಾಳೆ. ಯಾವತ್ತಾದರೂ ಬೇಕಾಗುತ್ತೆ ಅಂತೆ.

ಲೈಸೆನ್ಸ್ ಬಂತು. ಟ್ಯೂಬು ಸುತ್ತಿದ ಕೋವಿ ಹಿಡಿಯೋಕೆ ನನಗೆ ನಾಚಿಕೆ. ಕಬ್ಬಿನ ದುಡ್ಡಲ್ಲಿ ನಲವತ್ತು ಸಾವಿರ ತೆಗೆದಿಟ್ಟು, ನೋಡೋಕೆ ಲಕ್ಷಣವಾಗಿರೋ ಒಂದು ಜೋಡುನಳಿಗೆ ಕೊಳ್ಳೋಣ ಅಂದೆ. ಹೊಸದಲ್ಲ, ಹಳೆಯದೇ.

"ಹಂದಿಗೆ ಲಕ್ಷಣ ತೋರಿಸಬೇಕಾ?" ಅಂದಳು ನಮ್ಮನೆಯವಳು. "ಸದ್ದು ತಾನೆ ಬೇಕಾಗಿರೋದು? ದೀಪಾವಳಿ ಪಟಾಕಿ ಇನ್ನೂ ಅಟ್ಟದ ಮೇಲಿದೆ."

ಜೊತೆಗೆ ಬಂದವರು ನನ್ನ ಸೋದರಮಾವ. ಬೇಬಿ ಬೆಟ್ಟದ ದನಗಳ ಜಾತ್ರೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಹಳ್ಳಿಕಾರ್ ಹೋರಿ ನಡೆಯೋದನ್ನು ನೋಡಿಯೇ ಎಷ್ಟು ಹಲ್ಲು ಅಂತ ಹೇಳಿಬಿಡುತ್ತಾರೆ. ಕೋವಿ ಬಗ್ಗೆ ಮಾತ್ರ ಏನೇನೂ ಗೊತ್ತಿಲ್ಲ. "ಅದ್ರಲ್ಲಿ ತಿಳ್ಕೊಳೋದೇನ್ಲಾ ಐತೆ? ಎತ್ತಾದ್ರೇನು ಕೋವಿ ಆದ್ರೇನು, ನೋಡೋ ಕಣ್ಣು ಒಂದೇಯ" ಅಂದರು.

ಮೈಸೂರಿನ ಒಂದು ಹಳೇ ಕೋವಿ ಅಂಗಡಿಗೆ ಹೋದೆವು. ಎಲ್ಲವೂ 12 ಬೋರಿನವು. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ, ಒಂದೊಂದು ಗುಂಡಿನ ದಪ್ಪ ಎಷ್ಟೋ ಅಷ್ಟು ನಳಿಗೆಯ ಬಾಯಿ ಅಂತ ಅಂಗಡಿಯವರು ವಿವರಿಸಿದರು. ನನಗೆ ಅರ್ಥವಾಗೋ ಮೊದಲೇ ಮಾವನಿಗೆ ಅರ್ಥವಾಯಿತು. "ಓ, ಕೆಜಿಗೆ ಎಷ್ಟಚ್ಚು ಬೆಲ್ಲ ಅನ್ನಂಗೆ. ಲೆಕ್ಕ ಕಮ್ಮಿ ಆದಂಗೆ ಅಚ್ಚು ದಪ್ಪ."

ಅಲ್ಲಿ ಒಂದು ಕೋವಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಬೆಲೆ ಕೇಳುವಷ್ಟರಲ್ಲಿ ಮಾವ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಹಿಡಿಯ ಹತ್ತಿರ ಗಸಗಸ ಉಜ್ಜಿದರು. ಆಮೇಲೆ ಉಗುರಿನಿಂದ ಕೆರೆದರು. ಮೇಣ ಬಂತು. ಕೆಳಗೆ ಸೀಳು. "ಜಾತ್ರೇಲಿ ಕೊಂಬಿಗೆ ಹಿಂಗೇ ಮಾಡ್ತಾರೆ" ಅಂದರು. ಅಂಗಡಿಯವರು ಕಾಫಿ ತರಿಸಿದರು. ನನಗೆ ಮಾವನ ಮೇಲೆ ಅಪಾರ ನಂಬಿಕೆ ಹುಟ್ಟಿತು. ಮುಂದಿನ ತೊಂದರೆಗೆಲ್ಲ ಆ ಮೇಣವೇ ಕಾರಣ.

ಯಾಕೆಂದರೆ ಮುಂದಿನ ವಾರ ಒಂಟಿಕೊಪ್ಪಲಿನ ಒಬ್ಬ ಹಿರಿಯರ ಮನೆಯಲ್ಲಿ ನಾನು ಆ ಕೋವಿಯನ್ನು ನೋಡಿದೆ. ಅವರ ತಾತನ ಕಾಲದ್ದು, ಇಂಗ್ಲೆಂಡಿನದು. ಹೊರಗಡೆ ಎರಡು ಕುದುರೆ, ಅಂದರೆ ಹೊಡೆಯುವಾಗ ಬಡಿಯೋ ಸುತ್ತಿಗೆ, ನವಿಲಿನ ಕತ್ತಿನ ಹಾಗೆ ಬಾಗಿದ್ದವು. ನಳಿಗೆಯ ಮೈತುಂಬ ನೀರಿನ ಅಲೆಯಂಥ ಸುರುಳಿ ಸುರುಳಿ ಗೆರೆ. ವಿದೇಶಿ ಕೋವಿ ತರಿಸಿಕೊಳ್ಳೋಕೆ ದಶಕಗಳಿಂದ ಬಿಗಿ ನಿರ್ಬಂಧ ಇರೋದರಿಂದ ಇಂಥವಕ್ಕೆ ಬಾಯಿಗೆ ಬಂದ ಬೆಲೆ. ಇವರು ಹೇಳಿದ್ದು ಅರವತ್ತು ಸಾವಿರ.

ಮಾವ ಗೆರೆಗಳ ಮೇಲೆ ಬೆರಳಾಡಿಸಿದರು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಕೊನೆಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಎರಡು ನಳಿಗೇಲೂ ಸುಳಿ ಒಂದೇ ತರ ಐತೆ. ಒಂದೂ ದೋಷದ ಸುಳಿ ಇಲ್ಲ ಕಣ್ಲಾ. ಬುಡಬ್ಯಾಡ."

ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ಆ ಹಿರಿಯರ ಕೈ ಮೇಲೆ ಹಾಕಿ, ಒಳಗೆ ಬೆರಳು ಹಿಡಿದರು. ದನದ ಜಾತ್ರೆಯಲ್ಲಿ ವ್ಯಾಪಾರ ಆಗೋದೇ ಹಾಗೆ. ಬೆಲೆ ಪಕ್ಕದವನಿಗೆ ಕಾಣಬಾರದು. ಪಕ್ಕದಲ್ಲಿದ್ದವನು ನಾನೊಬ್ಬನೇ, ದುಡ್ಡು ಕೊಡುವವನು. ಮೂರು ಬೆರಳು ಹಿಸುಕಿದರು. ಹಿರಿಯರು ಗಾಬರಿಯಾಗಿ, "ಯಜಮಾನರೇ, ನನಗೆ ಈ ಕೈಯಲ್ಲಿ ಮೊದಲೇ ವಾತ ಇದೆ" ಅಂದರು. ಕೊನೆಗೆ ಬಾಯಲ್ಲೇ ಮಾತಾಡಿ ನಲವತ್ತಕ್ಕೆ ಇಳಿಸಿದೆವು.

ಹಾಗಂತ ಅವತ್ತೇ ಹೆಗಲಿಗೆ ಹಾಕಿಕೊಂಡು ಬರೋ ಹಾಗಿಲ್ಲ. ಒಬ್ಬ ಲೈಸೆನ್ಸುದಾರ ಇನ್ನೊಬ್ಬನಿಗೆ ಕೋವಿ ಮಾರಬೇಕಾದರೆ ಮೊದಲು ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ನಾನು ಕಾಯತೊಡಗಿದೆ. ಆ ದಿನಗಳಲ್ಲಿ ಕನ್ನಡಿ ಮುಂದೆ ಪೊರಕೆ ಹಿಡಿದು ನಿಂತಿದ್ದೆ ಅಂತ ನಮ್ಮನೆಯವಳು ಎಲ್ಲರಿಗೂ ಹೇಳುತ್ತಾಳೆ. ಒಂದೇ ಒಂದು ಸಲ.

ಯಾವುದಕ್ಕೂ ಇರಲಿ ಅಂತ ಕೋವಿ ರಿಪೇರಿ ಮಾಡುವ ಒಬ್ಬ ಸಾಹೇಬರನ್ನು ಒಂಟಿಕೊಪ್ಪಲಿಗೆ ಕರೆದುಕೊಂಡು ಹೋದೆ. ಅವರು ಚೆಂದದ ಕಡೆ ಕಣ್ಣೇ ಹಾಕಲಿಲ್ಲ. ನಳಿಗೆ ಬಿಚ್ಚಿ, ಬೆರಳಿಗೆ ನೇತುಹಾಕಿ, ಉಗುರಿನಿಂದ ಟಣ್ ಅಂತ ತಟ್ಟಿದರು. ಗಂಟೆಯ ಹಾಗೆ ನುಡಿದರೆ ಎರಡು ನಳಿಗೆಯ ನಡುವಿನ ಬೆಸುಗೆ ಗಟ್ಟಿ ಅಂತೆ. ಒಡಕು ಮಡಕೆಯ ಸದ್ದು ಬಂದರೆ ಬಿಟ್ಟಿದೆ ಅಂತ. ಇದು ನುಡಿಯಿತು. ಮಾವ ನನ್ನ ಕಡೆ ನೋಡಿ ಮೀಸೆ ತಿರುವಿದರು. ಆಮೇಲೆ ಸಾಹೇಬರು ಭೂತಗನ್ನಡಿ ಹಿಡಿದು ನಳಿಗೆಯ ಬುಡ ನೋಡಿದರು.

"ಇದು ಡಮಾಸ್ಕಸ್ ನಳಿಗೆ ಸಾರ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನ ಹೆಣೆದು, ಸರಳಿಗೆ ಸುತ್ತಿ, ಕಾಸಿ ಬಡಿದು ಮಾಡಿರೋದು. ಆ ಸುತ್ತೇ ಗೆರೆಯಾಗಿ ಕಾಣೋದು. ಕರಿಮದ್ದಿನ ಕಾಲದ್ದು. ಈಗಿನ ತೋಟಾ ತಡೆಯುತ್ತೆ ಅನ್ನೋ ಪರೀಕ್ಷೆಯ ಮುದ್ರೆ ಇಲ್ಲ."

"ಅಂದ್ರೆ?"

"ಅಂದ್ರೆ, ನಿಮ್ಮ ಎಡಗೈ ಇರೋ ಜಾಗದಲ್ಲೇ ಬಿಚ್ಚಿಕೊಳ್ಳಬಹುದು."

ಅಷ್ಟಕ್ಕೇ ನಿಲ್ಲಿಸಲಿಲ್ಲ. ತೋಟಾ ಕೂರುವ ಜಾಗ ಎರಡೂವರೆ ಇಂಚಿನದು. ಈಗ ಸಿಗೋ 70 ಮಿಲಿಮೀಟರಿನ ತೋಟಾ ಅದರೊಳಗೆ ಏನೋ ಹೋಗುತ್ತೆ. ಆದರೆ ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಗೋಡೆಗೆ ನೇತುಹಾಕಿ ಸಾರ್, ಚೆನ್ನಾಗಿರುತ್ತೆ ಅಂದರು. ಹಿರಿಯರು ದೊಡ್ಡ ಮನಸ್ಸಿನವರು, ವ್ಯಾಪಾರ ಬಿಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ಬನ್ನೂರಿನವರೆಗೂ ಮಾತಾಡಲಿಲ್ಲ. ಆಮೇಲೆ, "ಸುಳಿ ಮಾತ್ರ ಚೆನ್ನಾಗಿತ್ತು" ಅಂದರು.

ಕೊನೆಗೆ ಸಾಹೇಬರೇ ಒಂದು ತೋರಿಸಿದರು. ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ ಜೋಡುನಳಿಗೆ, ಮೂವತ್ತೆಂಟು ಸಾವಿರ. ನಳಿಗೆಯೊಳಗೆ ಬೆಳಕು ಹಾಯಿಸಿದರೆ ತುಕ್ಕಿನ ಚುಕ್ಕಿ ಇಲ್ಲ. ಮುಚ್ಚಿ ಅಲ್ಲಾಡಿಸಿದರೆ ಕಟಕಟ ಇಲ್ಲ. ನೋಡೋಕೆ ತಾಲ್ಲೂಕು ಕಚೇರಿಯ ಬೀರು. ಗಟ್ಟಿ, ಭಾರ, ಮುಖದಲ್ಲಿ ನಗು ಇಲ್ಲ.

ತಂದ ಮೇಲೆ ನಾನೇ ಚೆಂದ ಮಾಡೋಣ ಅಂತ ಹೊರಟೆ. ಹಳೇ ವಾರ್ನಿಷ್ ಉಜ್ಜಿ ತೆಗೆದಾಗ ಮರದಲ್ಲಿ ಒಂದು ಕಪ್ಪು ಗೆರೆ ಕಾಣಿಸಿತು. ಜೀವ ಬಂದಂತಾಯಿತು. ಅಗಸೆ ಎಣ್ಣೆ ಹಚ್ಚಬೇಕು ಅಂತ ಓದಿದ್ದೆ. ತೆಳ್ಳಗೆ ಹಚ್ಚಿ ಒರೆಸಬೇಕು, ಹಸಿ ಎಣ್ಣೆ ಒಣಗೋಕೆ ದಿನಗಟ್ಟಲೆ ಬೇಕು ಅನ್ನೋದನ್ನು ಓದಿರಲಿಲ್ಲ. ಧಾರಾಳವಾಗಿ ಬಳಿದು, ಹಿತ್ತಿಲ ಜಗಲಿಯಲ್ಲಿಟ್ಟು, ಎದುರಿಗೇ ಕಾವಲು ಕೂತು ನಿದ್ದೆ ಹೋದೆ. ಎದ್ದು ನೋಡಿದರೆ ಹಿಡಿಯ ತುಂಬ ಧೂಳು, ಎರಡು ನೊಣ, ಮತ್ತೆ ನಮ್ಮ ಕೋಳಿಯ ಒಂದು ಕೆಂಪು ಪುಕ್ಕ ಅಂಟಿಕೊಂಡಿದ್ದವು. ಕೀಳೋಕೆ ಹೋದರೆ ಅರ್ಧ ಬಂತು. ಉಳಿದರ್ಧ ಒಣಗಿ ಮರದ ಜೊತೆ ಒಂದಾಯಿತು.

ಅದನ್ನು ಮತ್ತೆ ಉಜ್ಜೋಣ ಅನ್ನುವಷ್ಟರಲ್ಲಿ 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿ ಅಂದರು. ಮಂಡ್ಯದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಎಣಿಕೆ ಮಾತ್ರ ಜೂನ್ 4ಕ್ಕೆ. ಅಷ್ಟು ದಿನವೂ ಹಂದಿಗಳು ನೆಮ್ಮದಿಯಾಗಿ ಕೂಳೆ ಕಬ್ಬು ತಿಂದವು. ನಮ್ಮನೆಯವಳು ಅಟ್ಟ ಹತ್ತಿ ಪಟಾಕಿ ಇಳಿಸಿದಳು. ಅರ್ಧ ಓಡಿದವು, ಪಟಾಕಿಯೂ ಹಂದಿಯೂ.

ಬಿಡಿಸಿಕೊಂಡು ಬರಲು ಹೋದಾಗ ಠಾಣೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕೋವಿಗಳು ಒರಗಿದ್ದವು. ಎಲ್ಲವೂ ಕಂದು, ಎಲ್ಲವೂ ಒಂದೇ ಮುಖ. ಚೀಟಿಗಳು ಕೆಲವು ಕೆಳಗೆ ಬಿದ್ದಿದ್ದವು. ನಾನು ಲೈಸೆನ್ಸ್ ಪುಸ್ತಕ ತೆಗೆದು ನಂಬರ್ ಓದೋಕೆ ಶುರು ಮಾಡಿದೆ. ಪೇದೆ ನನ್ನ ಮುಖವನ್ನೇ ನೋಡುತ್ತಿದ್ದವರು ತಟ್ಟನೆ ಕೇಳಿದರು.

"ಓ, ಕೋಳಿ ಪುಕ್ಕದ ಕೋವಿ ನಿಮ್ದೇನಾ ಸಾರ್?"