ಕರೆಂಟಿನ ಜೊತೆ ಫೋನೂ ಹೋಗುತ್ತದೆ

ಫೋನಿನ ತಾಮ್ರದ ತಂತಿ ಹೋಗಿ ಫೈಬರ್ ಬಂದರೆ ಹಳ್ಳಿ ಮನೆಗೆ ಲಾಭವೇ ಹೊರತು ನಷ್ಟವಿಲ್ಲ ಎಂದು ಬರೆದಿದ್ದೀರಿ. ಮಲೆನಾಡಿನ ಮಳೆಗಾಲ ಕಂಡವರು ಇದನ್ನು ಒಪ್ಪುವುದಿಲ್ಲ. ಹಳೆ ಫೋನಿಗೆ ಬೇಕಾದ 48 ವೋಲ್ಟ್ ಕರೆಂಟು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟಲ್ಲ. ಆ ಬೆಳಕನ್ನು ಫೋನಿಗೆ ತಲುಪಿಸುವ ಪೆಟ್ಟಿಗೆ, ಅಂದರೆ ಮೋಡೆಮ್ಮಿಗೆ, ಮನೆಯದೇ ಕರೆಂಟು ಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕಳೆದ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕತ್ತಲು. ಇನ್ವರ್ಟರ್ ಮೊದಲ ರಾತ್ರಿಯೇ ಮಲಗಿತು, ಹಿಂದೆಯೇ ಫೋನೂ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು!

ಹಾಗಂತ ತಾಮ್ರವೇ ಇರಲಿ ಅನ್ನುತ್ತಿಲ್ಲ. ಸಿಡಿಲಿಗೆ ಎರಡು ಫೋನು ಸುಟ್ಟಿದ್ದು, ಕಳ್ಳರು ತಂತಿ ಕತ್ತರಿಸಿಕೊಂಡು ಹೋಗಿದ್ದು ಚೆನ್ನಾಗಿ ನೆನಪಿದೆ. ಆದರೆ ಸಂಪರ್ಕ ಕೊಡುವಾಗಲೇ ಮೋಡೆಮ್ಮಿಗೊಂದು ಸಣ್ಣ ಬ್ಯಾಟರಿ ಕೊಡಬಹುದಿತ್ತು ಅಲ್ವಾ? ಕೊನೆಗೆ ನಾವೇ ಕೊಂಡೆವು. ನಾಲ್ಕು ಗಂಟೆ ಬರುತ್ತದೆ, ಅಷ್ಟೇ.