ಬಿಚ್ಚುವಾಗ ಊರೆಲ್ಲ, ಬಿಗಿಯುವಾಗ ಯಾರಿಲ್ಲ

ಕಾರಿನ ಇಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಅನ್ನುತ್ತಾರೆ. ಅದರ ತುದಿಯಲ್ಲಿ ಎಣ್ಣೆ ಸೋರದ ಹಾಗೆ ತಡೆಯುವ ಕ್ರ್ಯಾಂಕ್ ಆಯಿಲ್ ಸೀಲ್ ಅಂದರೆ ಒಂದು ರಬ್ಬರ್ ರಿಂಗು, ಅಷ್ಟೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಅಂಗಡಿಯವನು ಕೂತಲ್ಲಿಂದ ಏಳದೆ ಡಬ್ಬಿಯಿಂದ ತೆಗೆದು ಮುಂದೆ ತಳ್ಳುತ್ತಾನೆ. ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿಯುವಷ್ಟು ದುಡ್ಡು. ಆದರೆ ಅದನ್ನು ಹಾಕಬೇಕಾದರೆ ಟೈಮಿಂಗ್ ಬೆಲ್ಟ್ ಬಿಚ್ಚಬೇಕು. ಬೆಲ್ಟ್ ಬಿಚ್ಚಬೇಕಾದರೆ ಕ್ರ್ಯಾಂಕಿನ ತುದಿಗೆ ಕೂತಿರುವ ಚಕ್ರ, ಅಂದರೆ ಕ್ರ್ಯಾಂಕ್ ಪುಲ್ಲಿ ತೆಗೆಯಬೇಕು. ಆ ಪುಲ್ಲಿಯ ನಟ್ಟನಡುವೆ ಒಂದೇ ಒಂದು ಬೋಲ್ಟ್ ಕೂತಿರುತ್ತದೆ. ಗ್ಯಾರೇಜಿನವರು ಬಿಲ್ ಹಾಕುವುದು ಸೀಲಿಗಲ್ಲ, ಆ ಬೋಲ್ಟಿಗೆ. ಅಂದಾಜು ಎಷ್ಟಾಗುತ್ತೆ ಅಂತ ಕೇಳಿದ ಮೇಲೆಯೇ ನಾನು ಭಾನುವಾರ ಬೆಳಗ್ಗೆ ಹಳೇ ಪ್ಯಾಂಟ್ ಹುಡುಕಿದ್ದು.

ಬೇರೆ ಬೋಲ್ಟುಗಳ ಕಥೆ ಬೇರೆ. ಅವು ಹಿಡಿದುಕೊಂಡಿರುವ ಸಾಮಾನು ಒಂದು ಕಡೆ ಸುಮ್ನೆ ಇರುತ್ತದೆ. ಕ್ರ್ಯಾಂಕ್ ಇರುವುದೇ ತಿರುಗೋಕೆ. ಪಾನಾ ಹಾಕಿ ಎಳೆದರೆ ಬೋಲ್ಟಿನ ಜೊತೆ ಪುಲ್ಲಿ, ಪುಲ್ಲಿಯ ಜೊತೆ ಕ್ರ್ಯಾಂಕ್, ಕ್ರ್ಯಾಂಕಿನ ಜೊತೆ ಪಿಸ್ಟನ್ನುಗಳು, ಎಲ್ಲಾ ಒಟ್ಟಿಗೆ ಮೆರವಣಿಗೆ ಹೊರಡುತ್ತವೆ. ಹಾಗಾಗಿ ಮೊದಲು ಇಂಜಿನ್ ತಿರುಗದ ಹಾಗೆ ಹಿಡಿಯಬೇಕು. ಸುಲಭದ ದಾರಿ ಅಂದರೆ ಟಾಪ್ ಗೇರಿಗೆ ಹಾಕಿ, ಯಾರಾದರೂ ಬ್ರೇಕ್ ಒತ್ತಿ ಕೂರುವುದು. ಫಸ್ಟ್ ಗೇರ್ ಆದರೆ ನಾವು ಹಾಕಿದ ಬಲ ಚಕ್ರಕ್ಕೆ ಹೋಗುವಷ್ಟರಲ್ಲಿ ಹತ್ತಾರು ಪಟ್ಟು ಜಾಸ್ತಿಯಾಗಿರುತ್ತದೆ, ಬ್ರೇಕ್ ತಡೆಯುವುದು ಕಷ್ಟ.

ನಮ್ಮನೆಯಲ್ಲಿ ಆ 'ಯಾರಾದರೂ' ಅಂದರೆ ನನ್ನ ಹೆಂಡತಿ. ಎರಡೂ ಕಾಲಲ್ಲಿ ಬ್ರೇಕ್ ಒತ್ತಿ ಕೂತಿದ್ದಾಗಲೇ ದಾವಣಗೆರೆಯಿಂದ ನಮ್ಮತ್ತೆಯ ಫೋನ್ ಬಂತು. ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಇಲ್ಲಮ್ಮ, ಎಲ್ಲೂ ಹೋಗ್ತಿಲ್ಲ. ಕಾರಲ್ಲಿ ಕೂತಿದೀನಿ. ಮನೆ ಮುಂದೇನೇ. ಬ್ರೇಕ್ ಒತ್ಕೊಂಡು. ಓಡ್ತಿಲ್ಲಮ್ಮ, ಒಂದು ಚಕ್ರಾನೇ ಇಲ್ಲ. ಯಾಕೆ ಅಂದ್ರೆ? ಇವರು ಹೇಳಿದ್ರು."

ಆಮೇಲೆ ಬಹಳ ಹೊತ್ತು ಆ ಕಡೆಯಿಂದ ಮಾತಾಡಿದ್ದೇ ಮಾತಾಡಿದ್ದು. ಇವಳು "ಹೂಂ, ಹೂಂ" ಅನ್ನುತ್ತಾ ನನ್ನ ಕಡೆ ನೋಡುತ್ತಿದ್ದಳು.

ಬಾನೆಟ್ ಎತ್ತಿದ ಕಾರಿನ ಹತ್ತಿರ ಜನ ಸೇರುವುದಕ್ಕೆ ಯಾರೂ ಕರೆಯಬೇಕಿಲ್ಲ. ಮೊದಲು ಬಂದವರು ಪಕ್ಕದ ಮನೆಯ ಬ್ಯಾಂಕ್ ಸಾಹೇಬರು. "ಹ್ಯಾಂಡ್‌ಬ್ರೇಕ್ ಎಳೀರಿ ಸಾರ್, ಇಂಜಿನ್ ಅಲ್ಲಾಡಲ್ಲ" ಅಂದರು. ಇಂಥ ಕಾರುಗಳಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರ, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನದ್ದು ಅಂತ ವಿವರಿಸಿದೆ. "ಆದರೂ ಎಳೀರಿ, ಒಳ್ಳೇದು" ಅಂದರು. ಜ್ಯಾಕಿ ಮೇಲಿರುವ ಕಾರಿಗೆ ಅದು ನಿಜವಾಗಲೂ ಒಳ್ಳೇದೇ. ಎಳೆದೆ. ತಮ್ಮ ಮಾತು ನಡೆಯಿತು ಅಂತ ಅವರಿಗೆ ಖುಷಿ.

ಆಮೇಲೆ ಬಂದ ಕಾಲೇಜು ಹುಡುಗ ಡಬ್ಲ್ಯುಡಿ-40 ಸ್ಪ್ರೇ ತಂದ. ಅಮೆರಿಕದಲ್ಲಿ 1953ರಲ್ಲಿ, ನೀರು ಹೊರದೂಡುವ ದ್ರವ ಮಾಡಲು ಹೊರಟವರಿಗೆ 40ನೇ ಸಲ ಸರಿಹೋಯಿತಂತೆ, ಅದಕ್ಕೇ ಆ ಹೆಸರು. ಹುಡುಗ ಅರ್ಧ ಡಬ್ಬಿ ಹೊಡೆದ. ಬೋಲ್ಟ್ ಒದ್ದೆಯಾಯಿತು. ಅಷ್ಟೇ.

ಮೂರನೆಯವರು ಉದ್ದದ ಕಬ್ಬಿಣದ ಪೈಪ್ ತಂದರು. ಪಾನಾದ ಹಿಡಿಗೆ ಪೈಪ್ ತೂರಿಸಿ ಉದ್ದ ಮಾಡಿದರೆ ಬಲ ಜಾಸ್ತಿ, ಇದು ಸರಿಯಾದ ಮಾತೇ. ಒಂದು ಮೀಟರ್ ಪೈಪಿನ ತುದಿಗೆ ನಾನು ಜೋತುಬಿದ್ದರೆ ಸುಮಾರು 700 ನ್ಯೂಟನ್ ಮೀಟರ್ ತಿರುಚುವ ಬಲ. ಜೋತುಬಿದ್ದೆ. ಏನೋ ತಿರುಗಿತು. ಎಲ್ಲರೂ "ಬಂತು ಬಂತು" ಅಂದರು. ತಿರುಗಿದ್ದು ಸಾಕೆಟ್ಟಿನ ಎಕ್ಸ್‌ಟೆನ್ಷನ್, ಅಂದರೆ ಬೋಲ್ಟಿನ ತಲೆಗೆ ಕೂರುವ ಸಾಕೆಟ್ಟಿಗೂ ಪಾನಾದ ಹಿಡಿಗೂ ನಡುವಿನ ಸರಳು. ಉದ್ದದ ಎಕ್ಸ್‌ಟೆನ್ಷನ್ ಸ್ಪ್ರಿಂಗಿನ ಹಾಗೆ ತಿರುಚಿಕೊಂಡು, ಬಿಟ್ಟ ಕೂಡಲೇ ವಾಪಸ್ ಮೊದಲಿನ ಜಾಗಕ್ಕೆ ಬರುತ್ತದೆ.

ಕೊನೆಗೆ ಬಂದವರು ಎದುರುಮನೆಯ ಯಜಮಾನರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಪೈಪ್ ಕಡೆ ನೋಡಲೂ ಇಲ್ಲ. "ಇಂಜಿನ್ ಯಾವ ಕಡೆ ತಿರುಗುತ್ತೆ?" ಅಂದರು. ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ಕಡೆಗೆ ಅಂದೆ. ಅಲ್ಲಿಯವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು, ನೋಡಿ. ಬೋಲ್ಟ್ ಬಿಚ್ಚುವುದು ಅದರ ಉಲ್ಟಾ ಕಡೆಗೆ. ಹಾಗಿದ್ದರೆ ಬೋಲ್ಟನ್ನು ನಾವು ತಿರುಗಿಸಬೇಕಾಗಿಲ್ಲ. ಬೋಲ್ಟ್ ಹಿಡಿದುಕೊಂಡು ಸ್ಟಾರ್ಟರ್ ಮೋಟರಿನಿಂದ ಇಂಜಿನ್ನನ್ನೇ ತಿರುಗಿಸಿದರೆ ಸಾಕು. ಗೇರ್ ನ್ಯೂಟ್ರಲ್. ಇಂಜಿನ್ ಸ್ಟಾರ್ಟ್ ಆಗಿಬಿಡದ ಹಾಗೆ ಕಿಡಿ ಕೊಡುವ ಕಾಯಿಲ್ ವೈರ್ ಕಿತ್ತರು. ಪಾನಾದ ಹಿಡಿ ನೆಲಕ್ಕೆ ಒತ್ತಿಕೊಳ್ಳುವಂತೆ ಕೂರಿಸಿದರು. ಎಲ್ಲರನ್ನೂ ದೂರ ಓಡಿಸಿದರು. ಹಿಡಿ ಜಾರಿದರೆ ಕಾಲು ಮುರಿಯುತ್ತದೆ, ಇದು ಮನೆಯಲ್ಲಿ ಸುಮ್ನೆ ಮಾಡಿ ನೋಡುವ ಆಟ ಅಲ್ಲ.

"ಕೀ ಮುಟ್ಟಿ ಬಿಡಮ್ಮ, ಅಷ್ಟೇ" ಅಂದರು ನನ್ನ ಹೆಂಡತಿಗೆ.

ಟಣ್ ಅಂತ ಒಂದು ಸದ್ದು. ಬೋಲ್ಟ್ ಕೈಯಲ್ಲೇ ತಿರುಗಿ ಹೊರಗೆ ಬಂತು.

(ಈ ಉಪಾಯ ಎಲ್ಲಾ ಕಾರಿಗೂ ಆಗುವುದಿಲ್ಲ. ಹೋಂಡಾದ ಹಳೆಯ ಎಷ್ಟೋ ಇಂಜಿನ್‌ಗಳು ಉಲ್ಟಾ ತಿರುಗುತ್ತವೆ. ಅಲ್ಲಿ ಸ್ಟಾರ್ಟರ್ ಹೊಡೆದರೆ ಬೋಲ್ಟ್ ಇನ್ನಷ್ಟು ಬಿಗಿ.)

ಆಮೇಲೆ ನಡೆದದ್ದು ಯಶಸ್ಸಿನ ಹಂಚಿಕೆ. ಸ್ಪ್ರೇ ಒಳಗೆ ಇಳಿಯೋಕೆ ಟೈಮ್ ಬೇಕಿತ್ತು ಅಂತ ಹುಡುಗ. ಪೈಪಿನಲ್ಲೇ ಅರ್ಧ ಸಡಿಲ ಆಗಿತ್ತು ಅಂತ ಪೈಪಿನವರು. ಬ್ಯಾಂಕ್ ಸಾಹೇಬರು ಏನೂ ಹೇಳದೆ ಹ್ಯಾಂಡ್‌ಬ್ರೇಕ್ ಕಡೆ ನೋಡಿ ನಕ್ಕರು. ಕಾಫಿ ಕುಡಿದು ಎಲ್ಲರೂ ಊಟಕ್ಕೆ ಹೋದರು. ಸೀಲ್ ಬದಲಾಯಿಸಿದ್ದು ಹೇಳುವಂಥ ಸಂಗತಿಯೇ ಅಲ್ಲ.

ಮಧ್ಯಾಹ್ನ ಬೋಲ್ಟ್ ವಾಪಸ್ ಬಿಗಿಯುವ ಹೊತ್ತಿಗೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ನಿಜವಾಗಿ ಜನ ಬೇಕಾಗಿದ್ದು ಆಗ. ಬಿಗಿಯೋಕೆ ಸ್ಟಾರ್ಟರ್ ಸಹಾಯಕ್ಕೆ ಬರುವುದಿಲ್ಲ. ಕಡಿಮೆ ಬಿಗಿದರೆ ಪುಲ್ಲಿ ಅಲುಗಾಡಿ, ಅದನ್ನು ಕೂರಿಸಿರುವ, ಕೀ ಅನ್ನುವ ಪುಟ್ಟ ಲೋಹದ ತುಂಡು ಸವೆದು, ಕ್ರ್ಯಾಂಕಿನ ಮೂತಿಯಲ್ಲಿ ಅದು ಕೂರುವ ಸಂದೇ ಅಗಲವಾಗುತ್ತದೆ. ಆಮೇಲೆ ಸೀಲಿನ ಮಾತಿಲ್ಲ, ಇಡೀ ಇಂಜಿನ್ ಇಳಿಸುವ ಮಾತು. ಪೈಪಿಗೆ ಜೋತುಬಿದ್ದು ಬಿಗಿದರೆ ಬೋಲ್ಟೇ ಹಿಗ್ಗಿ ಹಾಳಾಗುತ್ತದೆ. ಅದಕ್ಕೇ ಎಷ್ಟು ಬಿಗಿಯಿತು ಅಂತ ಅಳೆಯುವ ಪಾನಾ, ಅಂದರೆ ಟಾರ್ಕ್ ರೆಂಚ್ ಬಾಡಿಗೆಗೆ ತಂದಿದ್ದೆ. ಅದರಲ್ಲೂ ಒಂದು ತಮಾಷೆ ಇದೆ. ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಬೋಲ್ಟಿನ ತಲೆ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ. ನಿಜವಾಗಿ ಬಿಗಿಯುವುದು ಉಳಿದ ಒಂದು ಪಾಲು. ಥ್ರೆಡ್ಡಿಗೆ ಜಾಸ್ತಿ ಎಣ್ಣೆ ಬಿದ್ದರೆ ಆ ಲೆಕ್ಕವೇ ತಪ್ಪುತ್ತದೆ. ಹುಡುಗನ ಅರ್ಧ ಡಬ್ಬಿ ಸ್ಪ್ರೇ ಒರೆಸಿ ತೆಗೆಯೋದರಲ್ಲಿ ಒಂದು ಹಳೇ ಬನಿಯನ್ ಮುಗಿಯಿತು.

ಹೆಂಡತಿ ಮತ್ತೆ ಟಾಪ್ ಗೇರು, ಮತ್ತೆ ಬ್ರೇಕು. ಫೋನು ಮನೆಯೊಳಗೇ ಬಿಟ್ಟು ಬಂದಿದ್ದಳು. ನಾನು ನಿಧಾನಕ್ಕೆ ಎಳೆದೆ. ಪುಸ್ತಕದಲ್ಲಿ ಕೊಟ್ಟ ಅಂಕಿಗೆ ಸರಿಯಾಗಿ ರೆಂಚ್ 'ಟಕ್' ಅಂತು. ಎಂಥ ಚೆಂದದ ಸದ್ದು ಅಂತೀರಿ! ಕೇಳೋಕೆ ಬ್ಯಾಂಕ್ ಸಾಹೇಬರಿಲ್ಲ, ಪೈಪಿನವರಿಲ್ಲ.

"ಟಕ್ ಅಂತು, ಕೇಳಿಸ್ತಾ?" ಅಂತ ಒಳಗೆ ಬಗ್ಗಿ ಕೇಳಿದೆ.

"ಕೇಳಿಸ್ತು. ನನ್ನ ಮೊಣಕಾಲು ಅಂದ್ಕೊಂಡೆ" ಅಂದಳು.