ಜಡಿತಟ್ಟಿ ಮತ್ತು ಎಸಿಪಿ ಶೀಟು

ಕಳೆದ ಮಾರಿಜಾತ್ರೆಗೆಂದು ಮೆಲ್ಬರ್ನ್‌ನಿಂದ ಶಿರಸಿಗೆ ಬಂದಿದ್ದಾಗ, ಬಂಧುವೊಬ್ಬರು ಪೇಟೆಯಲ್ಲಿ ಕಟ್ಟಿಸುತ್ತಿದ್ದ ಮೂರು ಅಂತಸ್ತಿನ ಕಾಂಪ್ಲೆಕ್ಸ್ ನೋಡಲು ಹೋಗಿದ್ದೆ. ಕೆಳಗೆ ಅಂಗಡಿಗಳು, ಮೇಲೆ ಲಾಡ್ಜು. ಮುಂಭಾಗಕ್ಕೆ ಹೊಳೆಯುವ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಶೀಟು ಕೂರಿಸುತ್ತಿದ್ದ ಕೆಲಸದವನನ್ನು, ಈ ಶೀಟಿನ ನಡುವೆ ಇರುವುದು ಏನು ಎಂದು ಕೇಳಿದೆ. "ಅಲ್ಯೂಮಿನಿಯಂ ಅಲ್ವಾ ಸಾರ್, ಅದಕ್ಕೆಂತ ಆಗ್ತದೆ" ಎಂದ. ಬಂಧುಗಳು ನಕ್ಕು, "ಅಲ್ಲಿಗೆ ಹೋದಮೇಲೆ ಇವನಿಗೆ ಎಲ್ಲದಕ್ಕೂ ಹೆದರಿಕೆ" ಎಂದರು. ಆ ನಗು ಇನ್ನೂ ಚುಚ್ಚುತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ನೆಲದಲ್ಲಿ ಬಿದ್ದಿದ್ದ ಅಂಗೈಯಗಲದ ಒಂದು ತುಂಡನ್ನು ಜೇಬಿಗೆ ಹಾಕಿಕೊಂಡು ಊರಮನೆಗೆ ಬಂದೆ. ಅಂಚಿನಿಂದ ನೋಡಿದರೆ ಎರಡು ತೆಳ್ಳನೆಯ ಅಲ್ಯೂಮಿನಿಯಂ ಪದರಗಳ ನಡುವೆ ಉಗುರಿಗೆ ಸಿಗುವಷ್ಟು ಮೆದುವಾದ ಕಪ್ಪು ತಿರುಳು. ಅದನ್ನು ಬಚ್ಚಲೊಲೆಯ ಬಾಯಿಗೆ ಇಕ್ಕಳದಲ್ಲಿ ಹಿಡಿದಾಗ ಮೊದಲು ಏನೂ ಆಗಲಿಲ್ಲ. ಅನಂತರ ಅಂಚು ಬೆವರಿದಂತಾಗಿ, ತಿರುಳು ಕರಗಿ, ಉರಿಯುವ ಹನಿಗಳು ಒಂದರ ಹಿಂದೊಂದು ಚಿಟಚಿಟನೆ ಬೂದಿಗೆ ಬೀಳತೊಡಗಿದವು. ಒಲೆಯಿಂದ ಹೊರಗೆ ತೆಗೆದರೂ ಅದು ಉರಿಯುತ್ತಲೇ ಇತ್ತು. ಬಚ್ಚಲು ತುಂಬ ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ. ಹಂಡೆಯ ನೀರು ಕಾಯುವ ಹೊತ್ತಿನಲ್ಲಿ ಇದೆಂತ ಹುಚ್ಚು ಎಂದು ಅತ್ತೆ ಬೈದದ್ದೂ ಆಯಿತು. ಖನಿಜ ತುಂಬಿದ ತಿರುಳಿನ ಶೀಟುಗಳೂ ಇವೆ, ಅವು ಹೀಗೆ ಉರಿಯುವುದಿಲ್ಲ. ಬಣ್ಣ ಮತ್ತು ಹೊಳಪು ನೋಡಿ ಮಾತ್ರ ಯಾವುದು ಯಾವುದೆಂದು ಹೇಳಲಾಗದು.

ನನಗೆ ಈ ತಿರುಳಿನ ಪರಿಚಯವಾದದ್ದು ಮೆಲ್ಬರ್ನ್‌ನಲ್ಲಿ, ನಾವಿರುವ ಅಪಾರ್ಟ್‌ಮೆಂಟಿನ ಮಾಲೀಕರ ಸಂಘಕ್ಕೆ ಬಂದ ಒಂದು ನೋಟಿಸಿನಿಂದ. ಹೊರಗೋಡೆಯ ಹೊದಿಕೆ ಯಾವ ವಸ್ತುವಿನದು, ಅದು ಉರಿಯದು ಎಂಬುದಕ್ಕೆ ಪುರಾವೆ ಏನು, ಉರಿಯುವುದಾದರೆ ಯಾವಾಗ ತೆಗೆಯುತ್ತೀರಿ ಎಂದು ಅದರಲ್ಲಿ ಕೇಳಿದ್ದರು. ಇದರ ಮೂಲದಲ್ಲಿ ಇದ್ದದ್ದು 2014ರ ನವೆಂಬರ್ 25ರ ನಸುಕಿನ ಘಟನೆ. ಡಾಕ್‌ಲ್ಯಾಂಡ್ಸ್ ಪ್ರದೇಶದ ಲಾಕ್ರಾಸ್ ಎಂಬ ಕಟ್ಟಡದ 8ನೇ ಮಹಡಿಯ ಬಾಲ್ಕನಿಯಲ್ಲಿ ಸರಿಯಾಗಿ ಆರದ ಒಂದು ಸಿಗರೇಟಿನಿಂದ ಹೊತ್ತಿದ ಬೆಂಕಿ, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತಿರುಳಿದ್ದ ಹೊರಹೊದಿಕೆಯನ್ನು ಹಿಡಿದು ಕೆಲವೇ ನಿಮಿಷಗಳಲ್ಲಿ ತುದಿಯ ಮಹಡಿಯವರೆಗೆ ಏರಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಇಂಥದೇ ಹೊದಿಕೆಗೆ ಬೆಂಕಿ ಹಿಡಿದ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ, 2017ರ ಜೂನ್ 14ರಂದು, 72 ಜನ ಸತ್ತರು.

ನನ್ನನ್ನು ಹೆಚ್ಚು ತಟ್ಟಿದ್ದು ಲಾಕ್ರಾಸ್ ಮೊಕದ್ದಮೆಯ ತೀರ್ಪು. 2019ರ ಫೆಬ್ರವರಿಯಲ್ಲಿ ನ್ಯಾಯಮಂಡಳಿಯು ಮಾಲೀಕರಿಗೆ 57 ಲಕ್ಷ ಡಾಲರ್ ಪರಿಹಾರ ಕೊಡಿಸಿ, ಹೊಣೆಯನ್ನು ಹಂಚುವಾಗ ಅಗ್ನಿಸುರಕ್ಷತಾ ಎಂಜಿನಿಯರಿಗೆ ಶೇ. 39, ಕಟ್ಟಡ ಪರಿಶೀಲಕರಿಗೆ ಶೇ. 33, ವಾಸ್ತುಶಿಲ್ಪಿಗೆ ಶೇ. 25 ಎಂದು ಹೇಳಿ, ಸಿಗರೇಟು ಸೇದಿದವನ ಪಾಲಿಗೆ ಬರೀ ಶೇ. 3 ಇಟ್ಟಿತು. ನಮ್ಮಲ್ಲಾಗಿದ್ದರೆ ಬೀಡಿ ಸೇದಿದವನ ಮೇಲೆ ಕೇಸು ಹಾಕಿ, ಶಾರ್ಟ್ ಸರ್ಕ್ಯೂಟ್ ಎಂದೂ ಸೇರಿಸಿ, ಮರುದಿನದ ಪತ್ರಿಕೆಯಲ್ಲಿ ಮುಗಿಸುತ್ತಿದ್ದೆವು.

ವಿಚಿತ್ರವೆಂದರೆ, ಹೊದಿಕೆ ಉರಿಯುತ್ತದೆ ಎಂಬುದು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ಮಳೆಗಾಲಕ್ಕೆ ಮೊದಲು ಮಣ್ಣಗೋಡೆಗೆ ಮಳೆ ತಾಗದಂತೆ ಸೋಗೆಯ ಜಡಿತಟ್ಟಿ ಕಟ್ಟುತ್ತಿದ್ದ ಅಜ್ಜ, ದೀಪಾವಳಿ ಬರುವಷ್ಟರಲ್ಲಿ ಅದನ್ನು ತಪ್ಪದೇ ಬಿಚ್ಚಿಸುತ್ತಿದ್ದರು. ಹುಲ್ಲಿನ ಗೊಣಬೆಯನ್ನು ಮನೆಯಿಂದ ಎಷ್ಟು ದೂರ ಹಾಕಬೇಕೆಂದು ಅವರಿಗೆ ನಿಯಮಾವಳಿ ಬೇಕಾಗಿರಲಿಲ್ಲ. ಒಣಗಿದ ಸೋಗೆ ಕಣ್ಣಿಗೆ ಕಾಣುತ್ತಿತ್ತು. ಎಸಿಪಿಯ ತಿರುಳು ಕಾಣುವುದಿಲ್ಲ, ಆದ್ದರಿಂದಲೇ ಕೇಳಿ ತಿಳಿಯಬೇಕು, ಕೇಳುವವನನ್ನು ನೋಡಿ ನಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಒಪ್ಪಿಕೊಳ್ಳಬೇಕಾದದ್ದೂ ಇದೆ, ಬಂಧುಗಳಿಗೆ ಫೋನಿನಲ್ಲಿ ನಾನು ಅದನ್ನು ಒಪ್ಪಿಕೊಳ್ಳಲಿಲ್ಲ. ಆಸ್ಟ್ರೇಲಿಯಾದ ಆ ಜಾಣ ವ್ಯವಸ್ಥೆಯೇ ವರ್ಷಗಟ್ಟಲೆ ಅದೇ ಶೀಟುಗಳಿಗೆ ಸಹಿ ಹಾಕಿ ಒಪ್ಪಿಗೆ ಕೊಟ್ಟಿತ್ತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರ ಇಂಥ ಹೊದಿಕೆ ತೆಗೆಸಲೆಂದು 2019ರಲ್ಲಿ ತೆಗೆದಿರಿಸಿದ 60 ಕೋಟಿ ಡಾಲರ್ ಹೆಚ್ಚು ಅಪಾಯದ ಕಟ್ಟಡಗಳಿಗೆ ಮೊದಲು ಸಲ್ಲುವಂಥದ್ದಾಗಿತ್ತು. ಅಪಾಯ ಕಡಿಮೆ ಎನಿಸಿಕೊಂಡ ನಮ್ಮ ಕಟ್ಟಡಕ್ಕೆ ಬಂದದ್ದು ಬಾಲ್ಕನಿಯಲ್ಲಿ ಸಿಗರೇಟು ಬೇಡ, ಬಾರ್ಬೆಕ್ಯೂ ಬೇಡ ಎಂಬ ಪತ್ರ, ವಿಮೆಯ ಏರಿದ ಕಂತು, ತಜ್ಞರ ವರದಿಗೆಂದು ಪ್ರತಿ ಮನೆಯಿಂದ ವಂತಿಗೆ. ಮನೆ ಮಾರಲು ಹೊರಟ ನೆರೆಯವರಿಗೆ ಕೊಳ್ಳುವವರು ಸಿಗಲಿಲ್ಲ. ಇನ್ನು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ 15 ಮೀಟರ್ ಮುಟ್ಟಿದರೆ ಮಾತ್ರ ಎತ್ತರದ ಕಟ್ಟಡ. ಶಿರಸಿಯ ಆ ಕಾಂಪ್ಲೆಕ್ಸ್ ಅದಕ್ಕಿಂತ ಗಿಡ್ಡ. ಅದರ ಲಾಡ್ಜಿನಿಂದ ಕೆಳಗಿಳಿಯುವುದು ಲಾಕ್ರಾಸ್‌ನಂಥ ಎತ್ತರದ ಕಟ್ಟಡದಿಂದ ಇಳಿದಷ್ಟು ಕಷ್ಟವೂ ಅಲ್ಲ.

ಆದರೂ ಅಲ್ಲಿರುವುದು ಒಂದೇ ಮೆಟ್ಟಿಲು, ಅದರ ಬುಡದಲ್ಲಿಯೇ, ಶೀಟಿನ ಬೆನ್ನಿಗೆ, ಎಲ್ಲ ಅಂಗಡಿಗಳ ಮೀಟರ್ ಬೋರ್ಡು. ಅದನ್ನಾದರೂ ಬೇರೆ ಗೋಡೆಗೆ ಸರಿಸಿ ಎಂದು ಎರಡು ಸಲ ಹೇಳಿದೆ. ಕಳೆದ ವಾರ ಬಂಧುಗಳು ವಾಟ್ಸಾಪಿನಲ್ಲಿ ಶೀಟಿನ ಹಿಂಬದಿಯ ಚಿತ್ರ ಕಳಿಸಿ, "ನೋಡು, ಕಂಪನಿ ಮಾಲು" ಎಂದು ಬರೆದಿದ್ದರು. ಹಿಗ್ಗಿಸಿ ನೋಡಿದೆ: ಬಣ್ಣದ ಸಂಖ್ಯೆ, ದಪ್ಪ 4 ಮಿಲಿಮೀಟರ್, ಯಾವ ಬದಿ ಮೇಲಾಗಬೇಕೆಂದು ತೋರಿಸುವ ಒಂದು ಬಾಣದ ಗುರುತು.